ಓದಿ ಹೇಳಲಾಯಿತು, ಸರಿಯಿದೆ

ನಾನು ಕಾರು ಓಡಿಸಲು ಕಲಿಸುವವನು. ಹದಿನಾಲ್ಕು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯ ಮೇಲೂ ದನಿ ಏರಿಸಿದವನಲ್ಲ. ನಡುರಸ್ತೆಯಲ್ಲಿ ಸ್ಟೀರಿಂಗ್ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡವರಿಗೂ "ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ" ಅಂದಿದ್ದೇನೆ. ನಮ್ಮ ಮಾಲೀಕರು ಹೊಸಬರಿಗೆ ನನ್ನನ್ನು ತೋರಿಸಿ "ತಾಳ್ಮೆಯ ಮೂರ್ತಿ ಇವ್ರು" ಅನ್ನುವುದುಂಟು. ಆ ಮೂರ್ತಿಯನ್ನು ಅಮ್ಮನ ಪಕ್ಕ ಅರ್ಧ ಗಂಟೆ ಕೂರಿಸಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿಲ್ಲ.

ಅಪ್ಪನ ಬಲಗಣ್ಣಿಗೆ ಪೊರೆ ಬಂದಿತ್ತು. ವಾಚ್ ರಿಪೇರಿ ಮಾಡುವವರಿಗೆ ಬಲಗಣ್ಣು ಹೋದರೆ ಅಂಗಡಿ ಹೋದ ಹಾಗೆ. ಆಪರೇಷನ್ನಿನ ದಿನವನ್ನು ಇಂಟರ್‌ನೆಟ್ಟಿನಲ್ಲೇ ಗೊತ್ತುಮಾಡಿಕೊಳ್ಳಬೇಕು ಅಂದರು ಕಣ್ಣಾಸ್ಪತ್ರೆಯವರು. ತಿಂಗಳ ಮೊದಲ ಸೋಮವಾರ ಬೆಳಗ್ಗೆ ಎಂಟಕ್ಕೆ ತೆರೆಯುತ್ತದೆ, ಎಂಟೂವರೆಗೆಲ್ಲ ಖಾಲಿ. ಆ ಹೊತ್ತಿಗೆ ನನಗೆ ಪಾಠ ಇರುತ್ತದೆ.

"ನಂಗೆ ಹೇಳ್ಕೊಡು, ನಾನೇ ಮಾಡ್ತೀನಿ" ಅಂದಳು ಅಮ್ಮ.

ಅಮ್ಮ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸ್ಟೆನೋಗ್ರಾಫರ್ ಆಗಿದ್ದವಳು. ಸಾಕ್ಷಿ ಆಡಿದ್ದು, ವಕೀಲ ಕೂಗಿದ್ದು, ಎಲ್ಲವೂ ಅವಳ ಶಾರ್ಟ್‌ಹ್ಯಾಂಡಿನ ಕೊಕ್ಕೆ ಗೆರೆಗಳಲ್ಲಿ ಆಡಿದ ಹಾಗೇ ಇಳಿಯುತ್ತಿತ್ತು. ಕೊನೆಗೆ ಸಾಕ್ಷಿಗೆ ಅದನ್ನು ಓದಿ ಹೇಳಿ, ಅವನು ಸರಿಯಿದೆ ಅಂದ ಮೇಲೆ ಸಹಿ ಹಾಕಿಸುವುದು ಕೋರ್ಟಿನ ಕ್ರಮ. ಒಮ್ಮೆ ನ್ಯಾಯಾಧೀಶರು ತಾವು ಸಿಟ್ಟಿನಲ್ಲಿ ಅಂದ ಮಾತೊಂದನ್ನು ಬಿಟ್ಟುಬಿಡಿ ಅಂದಾಗ, "ಆಡಿದ್ದೀರಿ ಸಾರ್" ಅಂದಳಂತೆ. ಅವಳು ನಿವೃತ್ತಳಾದ ವರ್ಷವೇ ಕೋರ್ಟಿಗೆ ಕಂಪ್ಯೂಟರ್ ಬಂತು.

ಒಂದು ಭಾನುವಾರ ನನ್ನ ಹಳೆಯ ಲ್ಯಾಪ್‌ಟಾಪ್ ಅಪ್ಪ ಅಮ್ಮನ ಮನೆಯ ಊಟದ ಮೇಜಿನ ಮೇಲಿಟ್ಟು ಕಲಿಸಲು ಕೂತೆ. ಅಮ್ಮ ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಮೊನೆ ಮಾಡಿಕೊಂಡು, ನೋಟ್‌ಬುಕ್ ತೆರೆದಳು. ಅರ್ಧ ಗಂಟೆ ಕಲಿಸಿದೆ. ಸ್ವಲ್ಪ ರೇಗಿದ್ದು ನಿಜ. ಸ್ವಲ್ಪವೇ ಅಂದುಕೊಂಡೇ ಮನೆಗೆ ಬಂದೆ.

ಆಮೇಲೆ ನಾಲ್ಕು ವಾರ, ದಿನ ಸಿಕ್ಕಿತಾ ಅಂತ ನಾನು ಕೇಳಲಿಲ್ಲ. ಕೇಳಿದರೆ ಇನ್ನೊಂದ್ಸಲ ಹೇಳ್ಕೊಡು ಅಂದುಬಿಟ್ಟರೆ ಅನ್ನುವ ಭಯ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ.

ಐದನೆಯ ಭಾನುವಾರ ಹೋದಾಗ, ಕೆಳಗಿನ ಮನೆಯ ಟೈಲರಕ್ಕ ಕೊರಳಲ್ಲಿ ಅಳತೆಯ ಟೇಪ್ ಹಾಕಿಕೊಂಡೇ ಮೆಟ್ಟಿಲಿಗೆ ಅಡ್ಡ ನಿಂತರು.

"ಬಾ ತಮ್ಮಾ, ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು. ಮೊಣಕಾಲಿನ ಡಾಕ್ಟರನ್ನ ನೋಡೋಕೆ ನಾನೇ ಇಂಟರ್‌ನೆಟ್ಟಲ್ಲಿ ದಿನ ತಗೊಂಡೆ! ಎಲ್ಲ ನಿನ್ನ ಪಾಠದಿಂದ."

"ನನ್ನ ಪಾಠನಾ?"

ಅವರು ಹೊಲಿಗೆ ಯಂತ್ರದ ಡ್ರಾಯರಿನಿಂದ ಎರಡು ಹಾಳೆ ತೆಗೆದುಕೊಟ್ಟರು. ಅಮ್ಮನ ಹಳೆಯ ಟೈಪ್‌ರೈಟರಿನದೇ ಅಕ್ಷರ. ಕೋರ್ಟಿನ ದಾಖಲೆಯ ಹಾಗೆ ಎಡಗಡೆ ಮಾತಾಡಿದವರು, ಬಲಗಡೆ ಮಾತು.

"ಮಗ: ನೀಲಿ ಗುಂಡಿ ಕಾಣಿಸ್ತಿದ್ಯಾಮ್ಮ? ಅವಸರ ಇಲ್ಲ, ನಿಧಾನವಾಗಿ ನೋಡು.

ತಾಯಿ: ಇದಾ?

ಮಗ: ಅಲ್ಲ, ಅದರ ಪಕ್ಕದ್ದು. ಪರವಾಗಿಲ್ಲ, ಎಲ್ಲರೂ ಮೊದಲು ಅದನ್ನೇ ಒತ್ತೋದು."

"ಕಟ್ಟಡದಲ್ಲಿ ಆರು ಮನೆಗೆ ಕೊಟ್ಟಿದ್ದಾರೆ ನಿಮ್ಮಮ್ಮ" ಅಂದರು ಟೈಲರಕ್ಕ. "ನನ್ನ ಮಗಳಿಗೂ ಓದಿಸ್ದೆ. ಕಲಿಸಿದ್ರೆ ಹಿಂಗೆ ಕಲಿಸ್ಬೇಕು ನೋಡೇ, ನೀನಿದ್ದೀಯ, ಕೇಳಿದ ತಕ್ಷಣ ಮೈಮೇಲೆ ಬೀಳ್ತೀಯ ಅಂದೆ."

ಅದರಲ್ಲಿ ಒಂದು ಮಾತೂ ನನ್ನದಾಗಿರಲಿಲ್ಲ. ಗುಂಡಿಗಳು ಮಾತ್ರ ನಾನು ಹೇಳಿದವು. ನೆಲ ಬಾಯ್ಬಿಟ್ಟರೆ ಸಾಕು ಅನ್ನಿಸಿತು. ಹಾಳೆ ವಾಪಸ್ ಕೊಟ್ಟು, ಅವರ ಮುಖ ನೋಡದೆ ಮೆಟ್ಟಿಲು ಹತ್ತಿದೆ.

ಅಪ್ಪ ಕಿಟಕಿಯ ಹತ್ತಿರ ಒಂದು ಗೋಡೆ ಗಡಿಯಾರವನ್ನು ಬಿಚ್ಚಿಕೊಂಡು ಕೂತಿದ್ದರು. ಮಸೂರವನ್ನು ಎಡಗಣ್ಣಿಗೆ ಸಿಕ್ಕಿಸಿಕೊಂಡಿದ್ದರು. ಸ್ಕ್ರೂ ಇರುವ ಜಾಗವನ್ನು ಮೊದಲು ಬೆರಳಿನಿಂದ ತಡಕಿ, ಆಮೇಲೆ ಅಲ್ಲಿಗೆ ಸ್ಕ್ರೂಡ್ರೈವರ್ ತರುತ್ತಿದ್ದರು.

"ಆಪರೇಷನ್ ಯಾವತ್ತಪ್ಪಾ?"

"ಸಿಗ್ಲಿಲ್ಲಪ್ಪ. ನಾಳೆ ಮತ್ತೆ ನೋಡ್ತಾಳಂತೆ."

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಟೈಲರಕ್ಕನಿಗೆ ಸಿಕ್ಕಿದ್ದು ನಿನಗೆ ಯಾಕೆ ಸಿಗಲಿಲ್ಲ ಅಂತ ಕೇಳಿದೆ. ಕೇಳಿದ ರೀತಿಯಲ್ಲೂ ಸ್ವಲ್ಪ ಖಾರವಿತ್ತು. ಹುಟ್ಟುಗುಣ.

"ಕೊನೇಲಿ ಅದೇನೋ ಆರಂಕಿ ನಂಬರ್ ಕೇಳ್ತು. ಫೋನಿಗೆ ಕಳಿಸಿದ್ದೀವಿ ಅಂತು. ನನ್ನ ಫೋನಿಗೆ ಬರ್ಲೇ ಇಲ್ಲ. ಮೂರು ಸಲ ಮಾಡ್ದೆ. ಅಷ್ಟರಲ್ಲಿ ಎಲ್ಲ ಮುಗಿದೋಯ್ತು."

ನನಗೆ ಆ ಸೋಮವಾರ ನೆನಪಾಯಿತು. ವಿದ್ಯಾರ್ಥಿಯೊಬ್ಬ ರಿವರ್ಸ್ ತೆಗೆಯಲಾಗದೆ ಬೆವರುತ್ತಿದ್ದ. ನನ್ನ ಜೇಬಿನಲ್ಲಿ ಫೋನು ಟಣ್ ಅಂತು. ಇನ್ನೊಮ್ಮೆ ಟಣ್ ಅಂತು. ಮೂರನೇ ಸಲವೂ ಅಂತು. ಯಾವುದೋ ಜಾಹೀರಾತು ಅಂದುಕೊಂಡು ತೆಗೆದೂ ನೋಡದೆ, ಯಾರದೋ ಮಗನಿಗೆ "ನಿಧಾನ, ನಿಧಾನ" ಅನ್ನುತ್ತಿದ್ದೆ.

"ಅದು ನನ್ನ ಫೋನಿಗೆ ಬಂದಿತ್ತಮ್ಮ. ಯಾಕೆ ನಂಗೆ ಫೋನ್ ಮಾಡ್ಲಿಲ್ಲ ನೀನು?"

ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ಮಸೂರ ತೆಗೆಯಲಿಲ್ಲ.

"ಮಾಡ್ಬೇಡ ಅಂದಿದ್ದೆಯಲ್ಲ" ಅಂದಳು.

"ನಾನೆಲ್ಲಿ ಅಂದೆ?"

ಅಂದಿದ್ದೇನೋ ಇಲ್ಲವೋ ನನಗೆ ನಿಜಕ್ಕೂ ನೆನಪಿರಲಿಲ್ಲ. ಆದರೆ ಅಮ್ಮನ ಜೊತೆ ಹೀಗೆ ವಾದಕ್ಕೆ ನಿಂತವರು ಯಾರೂ ಗೆದ್ದಿಲ್ಲ. ನೋಟ್‌ಬುಕ್ ಫ್ರಿಜ್ಜಿನ ಮೇಲಿತ್ತು. ತೆಗೆದು ಅವಳ ಮುಂದಿಟ್ಟೆ.

"ಟೈಲರಕ್ಕನಿಗೆ ಕೊಟ್ಟಿದ್ದನ್ನ ನೋಡ್ದೆ" ಅಂದೆ. "ಅದು ಬೇಡ. ಇದನ್ನ ಓದು."

"ಏನಕ್ಕೋ ಈಗ? ಬಿಡು. ಜನ ಓದೋದು ಅಂತ ಒಂಚೂರು ಅಲ್ಲಿ ಇಲ್ಲಿ ತಿದ್ದಿದ್ದೆ."

ನ್ಯಾಯಾಧೀಶರಿಗೂ ತಿದ್ದಿಕೊಡದವಳು ನನ್ನ ಮಾನ ಉಳಿಸಲು ತಿದ್ದಿದ್ದಳು. "ಓದಮ್ಮ" ಅಂದೆ.

ಅವಳು ಕೂತು, ಕನ್ನಡಕ ಹಾಕಿಕೊಂಡು, ಕೋರ್ಟಿನ ದನಿಯಲ್ಲಿ ಓದಿದಳು. ಅದರಲ್ಲಿ ಸಿಟ್ಟೂ ಇಲ್ಲ, ದುಃಖವೂ ಇಲ್ಲ.

"ಮಗ: ಬರೆಯೋದು ಬಿಟ್ಟು ನೋಡು ಮೊದ್ಲು. ತಾಯಿ: ಇದಾ? ಮಗ: ಅಲ್ಲ, ಅಲ್ಲ, ಅಲ್ಲ! ಕಣ್ಣು ಹೋಗಿರೋದು ಅಪ್ಪಂಗೋ ನಿಂಗೋ? ತಾಯಿ: ಇನ್ನೊಂದ್ಸಲ ಹೇಳು. ಮಗ: ಎಷ್ಟು ಸಲ ಹೇಳ್ಲಿ? ಎಳೇ ಮಗೂಗೂ ಅರ್ಥ ಆಗುತ್ತೆ ಇದು. ತಾಯಿ: ಫೋನ್ ನಂಬರ್ ಕೇಳ್ತಿದೆ. ಮಗ: ನಂದೇ ಹಾಕ್ತೀನಿ. ನಿಂದು ಹಾಕಿದ್ರೆ ಅದೊಂದು ರಾಮಾಯಣ. ತಾಯಿ: ಮಧ್ಯದಲ್ಲಿ ಗೊತ್ತಾಗದಿದ್ರೆ ಫೋನ್ ಮಾಡ್ಲಾ? ಮಗ: ದಮ್ಮಯ್ಯ, ಪಾಠದ ಹೊತ್ತಲ್ಲಿ ಮಾತ್ರ ಫೋನ್ ಮಾಡ್ಬೇಡ. ನಂಗೂ ಒಂದು ಬದುಕಿದೆ."

ಗಡಿಯಾರದೊಳಗೆ ಅಪ್ಪನ ಕೈ ನಿಂತಿತ್ತು. ಅಪ್ಪ ಆ ದಿನವೂ ಅದೇ ಕುರ್ಚಿಯಲ್ಲಿ ಕೂತಿದ್ದರು ಅನ್ನುವುದು ನನಗೆ ಆಗ ಹೊಳೆಯಿತು. ಎಲ್ಲವನ್ನೂ ಕೇಳಿಸಿಕೊಂಡು, ಇರುವ ಒಂದು ಕಣ್ಣಿನಲ್ಲಿ ತಿಂಗಳೊಪ್ಪತ್ತು ಕೆಲಸ ಮಾಡಿದ್ದರು.

"ಓದಿ ಹೇಳಲಾಯಿತು" ಅಂದಳು ಅಮ್ಮ. ಅಭ್ಯಾಸಬಲದಿಂದ ಬಾಯಿಗೆ ಬಂದಿರಬೇಕು. ಅಂದವಳೇ ತಾನೇ ಮುಜುಗರಪಟ್ಟು ನೋಟ್‌ಬುಕ್ ಮುಚ್ಚಲು ಹೋದಳು. ನಾನು ಹಾಳೆಯ ಮೇಲೆ ಕೈಯಿಟ್ಟೆ.

"ಸರಿಯಿದೆ" ಅಂದೆ. "ಒಂದು ಮಾತೂ ಹೆಚ್ಚುಕಮ್ಮಿ ಇಲ್ಲ."

ಅವಳ ಪೆನ್ಸಿಲ್ ತೆಗೆದುಕೊಂಡು ಆ ಗೆರೆಗಳ ಕೆಳಗೆ ಸಹಿ ಮಾಡಿದೆ. ನನಗೆ ಓದಲು ಬಾರದ ಲಿಪಿ, ಆದರೂ ಎಲ್ಲವೂ ನನ್ನದೇ ಮಾತು. ಅಮ್ಮ ಬೇಡ ಅನ್ನಲಿಲ್ಲ. ಕಣ್ಣೊರೆಸಿಕೊಳ್ಳುವುದನ್ನು ಕನ್ನಡಕ ಒರೆಸುವ ನೆವದಲ್ಲಿ ಮುಗಿಸಿದಳು.

ಬೆಳಗಿನ ಪಾಠ ಬೇರೆಯವರಿಗೆ ಒಪ್ಪಿಸಿ, ಸೋಮವಾರ ಏಳೂಮುಕ್ಕಾಲಿಗೇ ಹೋಗಿ ಅವಳ ಪಕ್ಕದಲ್ಲಿ ಕೂತೆ. ಮೌಸ್ ಅವಳ ಕೈಯಲ್ಲೇ ಇತ್ತು. ಮೊದಲು ನನ್ನ ನಂಬರ್ ತೆಗೆದು ಅವಳದು ಹಾಕಬೇಕಿತ್ತು. ಅಮ್ಮ ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿ, ಮೇಲೆ ತಾರೀಕು ಬರೆದು, ಪೆನ್ಸಿಲ್ ಮೊನೆಯನ್ನು ಕಾಗದಕ್ಕೆ ತಾಗಿಸಿ ಹಿಡಿದಳು.

"ಹೂಂ, ಹೇಳು" ಅಂದಳು.

"ಅವಸರ ಇಲ್ಲಮ್ಮ, ನಿಧಾನವಾಗಿ ನೋಡು" ಅಂದೆ, ಅವಳು ಟೈಪ್ ಮಾಡಿದ್ದ ಮಾತನ್ನೇ.