ನುಂಗಿದ ಮೂವತ್ತು

ಹನ್ನೆರಡು ವರ್ಷದಿಂದ ಅಂಗನವಾಡಿ ಮಕ್ಕಳಿಗೆ ಒಂದು, ಎರಡು, ಮೂರು ಹೇಳಿಕೊಡುತ್ತಿದ್ದ ಹೇಮಶ್ರೀ ಒಂದು ಮಧ್ಯಾಹ್ನ ಅತ್ತೆಯ ಮುಂದೆ ಲೆಕ್ಕ ತಪ್ಪಿದಳು. ತಪ್ಪಿದ್ದಲ್ಲ ಬಿಡಿ, ಬೇಕಂತಲೇ ತಪ್ಪಿಸಿದಳು. "ಹೊಸ ಮನೇಗೆ ಮೆಟ್ಲು ಎಷ್ಟವೆ ಮಗಾ?" ಎಂದು ಗಿರಿಜಾಂಬ ಕೇಳಿದಾಗ ಮೂವತ್ತೆಂಟು ಎನ್ನಲು ಬಾಯಿ ತೆರೆದವಳು, ಮೂವತ್ತನ್ನು ನುಂಗಿಕೊಂಡು "ಎಂಟು" ಅಂದುಬಿಟ್ಟಳು.

"ಎಂಟೇಯಾ? ಹಂಗಾದ್ರೆ ಹೆಂಗೋ ಹತ್ತೀನಿ," ಎಂದು ಅತ್ತೆ ಮಂಡಿ ನೀವಿಕೊಂಡರು.

"ಮನೆ ಒಸಿ ಎತ್ತರಕ್ಕೈತೆ ಅತ್ತೆ, ಅಷ್ಟೆಯ."

ಒಸಿ ಎತ್ತರವಂತೆ! ಇದ್ದದ್ದು ಎರಡನೇ ಮಹಡಿ.

ಕನಕಪುರದ ಆ ಬಾಡಿಗೆ ಮನೆಯಲ್ಲಿ ಅವರದು ಹದಿನಾಲ್ಕು ವರ್ಷ. ಓನರ್ ಹನುಮಂತಯ್ಯ ಕೆಟ್ಟವರೇನಲ್ಲ, ಆದರೆ ಗೋಡೆಗೊಂದು ಮೊಳೆ ಹೊಡೆದರೆ ತಮ್ಮ ಎದೆಗೇ ಹೊಡೆದಂತೆ ಓಡಿಬರುತ್ತಿದ್ದರು. ತೀರಿಕೊಂಡ ಮಾವನ ಫೋಟೊ ಹದಿನಾಲ್ಕು ವರ್ಷವೂ ಬೀರುವಿನ ಮೇಲೆ ಗೋಡೆಗೆ ಒರಗಿಕೊಂಡೇ ಇತ್ತು. ಕೊನೆಗೂ ಸ್ವಂತದ್ದೊಂದು ಮನೆ ಅಂತ ಹೊರಟಾಗ, ಅವರ ಕೈಗೆ ಎಟುಕುವಂಥವು ಅಂತ ಬ್ರೋಕರ್ ಸುಹೇಲ್ ತೋರಿಸಿದ್ದು ಎರಡೇ. ಒಂದು ಕೋಡಿಹಳ್ಳಿ ರಸ್ತೆಯ ಹೊಸ ಲೇಔಟಿನಲ್ಲಿ. ನೆಲಕ್ಕೇ ಮನೆ, ಮುಂದೆ ಜಗಲಿ, ಅತ್ತೆ ಕೂತು ಬೀದಿ ನೋಡಬಹುದು. ಆದರೆ ನೀರಿಗೆ ಟ್ಯಾಂಕರ್ ಕಾಯಬೇಕು, ಮಗಳು ಕಾಲೇಜಿನಿಂದ ಬರುವ ಹೊತ್ತಿಗೆ ಬಸ್ಸಿಲ್ಲ. ಇನ್ನೊಂದು ಮನೆ ಪೇಟೆಯೊಳಗೆ, ಎರಡನೇ ಮಹಡಿ. ಮನೆಗೇ ನಲ್ಲಿ ನೀರು, ಕಾಲೇಜಿಗೆ ನಡೆದೇ ಹೋಗಬಹುದು, ಗಂಡ ದಯಾನಂದನನ್ನು ಹಾರೋಹಳ್ಳಿ ಫ್ಯಾಕ್ಟರಿಗೆ ಕರೆದೊಯ್ಯುವ ಬಸ್ಸು ಬೀದಿ ಕೊನೆಗೇ ನಿಲ್ಲುತ್ತದೆ. "ಲಿಫ್ಟಿಗೂ ಜಾಗ ಬುಟ್ಟವ್ರೆ ಅಕ್ಕಾ," ಎಂದ ಸುಹೇಲ್. ಆ ಜಾಗದ ತುಂಬಾ ಖಾಲಿ ಪೇಂಟ್ ಡಬ್ಬಗಳಿದ್ದವು.

ಇವೆಲ್ಲ ಊರಿಗೆ ಹೇಳುವ ಕಾರಣ. ಹೇಮಶ್ರೀ ಸೋತದ್ದು ಅಡುಗೆಮನೆಯ ಕಿಟಕಿಗೆ. ಬೆಳಗಿನ ಬಿಸಿಲು ನೇರವಾಗಿ ಒಲೆಕಟ್ಟೆಯ ಮೇಲೆ ಬಿದ್ದಿತ್ತು. ಬಾಡಿಗೆ ಮನೆಯಲ್ಲಿ ಹಗಲಲ್ಲೂ ಲೈಟ್ ಹಾಕಿಕೊಂಡು ಅಕ್ಕಿ ಆರಿಸಿದವಳಿಗೆ ಅಲ್ಲಿಂದ ಕಾಲೇ ಕೀಳಲಾಗಲಿಲ್ಲ.

"ಅಮ್ಮನ ಮಂಡಿ?" ಎಂದ ದಯಾನಂದ.

"ನಾನು ಹೇಳ್ತೀನಿ ಬುಡಿ."

ಅವನಿಗೂ ಅಷ್ಟೇ ಬೇಕಿತ್ತು. ಹೇಳುವ ಕಷ್ಟ ತಪ್ಪಿತಲ್ಲ! ಅಮ್ಮ ಏನಂದರು ಅಂತ ಆಮೇಲೆ ಕೇಳಲೂ ಇಲ್ಲ. ಗಿರಿಜಾಂಬ ಮಾತ್ರ, "ನೀವು ಒಪ್ಪಿದ್ರೆ ಆಯ್ತು, ನಾನು ಹಾಲುಕ್ಕಿಸೋ ದಿನವೇ ಬಂದು ನೋಡ್ತೀನಿ," ಎಂದರು.

ಎಂಟು ಎಂದ ಮಾರನೆಯ ಬೆಳಿಗ್ಗೆ ಹೇಮಶ್ರೀ ಬಟ್ಟೆ ಒಣಹಾಕಲು ಹೊರಗೆ ಬಂದರೆ, ಹನುಮಂತಯ್ಯನವರ ಟೆರೇಸಿಗೆ ಹೋಗುವ ಮೆಟ್ಟಿಲ ಮೇಲೆ ಅತ್ತೆ! ಒಂದು ಕೈ ಗೋಡೆಗೆ, ಒಂದು ಕೈ ಮಂಡಿಗೆ. ಎಂಟನೆಯದಕ್ಕೆ ನಿಂತು, ಉಸ್ಸಪ್ಪಾ ಎಂದು ಉಸಿರುಬಿಟ್ಟು, ಮೆಲ್ಲಗೆ ಇಳಿದರು.

"ಏನತ್ತೆ ಇದು?"

"ರೂಢಿ ಮಾಡ್ಕತಾ ಇವ್ನಿ ಕಣಮ್ಮ. ಬಂದೋರ ಮುಂದೆ ಎಡವಬಾರ್ದಲ್ಲ."

ಹೇಮಶ್ರೀ ಬಟ್ಟೆಯ ಬಕೆಟ್ ಕೆಳಗಿಟ್ಟಳು. ಈಗಲೇ ಹೇಳಿಬಿಡಲಾ ಎಂದುಕೊಂಡಳು. ಆದರೆ ಅತ್ತೆ ಒಲ್ಲೆ ಎಂದರೆ? ಮುಂಗಡ ಕೊಟ್ಟಾಗಿತ್ತು. ನಾಳೆ ಹೇಳೋಣ ಎಂದುಕೊಂಡಳು. ನಾಳೆ ನಾಳೆ ಎನ್ನುತ್ತಲೇ ರಿಜಿಸ್ಟ್ರೇಷನ್ ಮುಗಿಯಿತು, ಎರಡು ತಿಂಗಳು ಕಳೆಯಿತು. ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಎಂಟು ಹತ್ತುವುದು, ಎಂಟು ಇಳಿಯುವುದು. ಹೇಮಶ್ರೀ ಆ ಹೊತ್ತಿಗೆ ಸರಿಯಾಗಿ ಒಳಗೆ ಮಿಕ್ಸಿ ಹಾಕುತ್ತಿದ್ದಳು. ನಾಚಿಕೆಗೆಟ್ಟವಳು ನಾನು ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು, ಆದರೂ ಬಾಯಿ ಬಿಡುತ್ತಿರಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ ಗಿರಿಜಾಂಬ ಇಳಕಲ್ ಸೀರೆ ಉಟ್ಟು, ಹೊಸ ಹೊಸ್ತಿಲಿಗೆ ಬಳಿಯಲು ವಿಭೂತಿ ಗಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಮಗ ಕೈ ಹಿಡಿಯಲು ಬಂದರೆ ಕೊಡವಿದರು. ಎಲ್ಲರಿಗೂ ಕೇಳುವಂತೆ ಎಣಿಸುತ್ತಾ ಹತ್ತಿದರು. ಆರು. ಏಳು. ಎಂಟು. ಗೆದ್ದೆ ಎನ್ನುವ ನಗು ಮುಖದಲ್ಲಿತ್ತು. ಹೊಸ್ತಿಲು ದಾಟಲೆಂದು ಬಲಗಾಲು ಮುಂದಿಟ್ಟರು.

ಅಲ್ಲಿ ಹೊಸ್ತಿಲಿರಲಿಲ್ಲ. ಮೆಟ್ಟಿಲು ಅಲ್ಲಿಂದ ತಿರುಗಿ ಮತ್ತೆ ಮೇಲಕ್ಕೆ ಹೋಗಿತ್ತು.

"ಬಾಗ್ಲೆಲ್ಲಮ್ಮ?"

ಹಿಂದೆ ನೆಂಟರೆಲ್ಲ ನಿಂತಿದ್ದರು. ಹಾಲಿನ ಪಾತ್ರೆ ಹಿಡಿದ ಹೇಮಶ್ರೀ ಒಂದು ಮೆಟ್ಟಿಲು ಮೇಲಕ್ಕೆ ಬಂದಳು. "ಎಂಟಲ್ಲ ಅತ್ತೆ, ಮೂವತ್ತೆಂಟು. ನಾನೇ ಸುಳ್ಳು ಹೇಳ್ದೆ."

ದಯಾನಂದ ತಲೆ ತಗ್ಗಿಸಿ ನುಗ್ಗಿ ಬಂದ. "ಕುರ್ಚಿ ತತ್ತೀನಿ ಕಣಮ್ಮ. ಕೂರಿಸ್ಕಂಡು ನಾಕು ಜನ ಎತ್ಕಂಡೋಗ್ತೀವಿ."

"ಕೂರಿಸ್ಕಂಡು ಎತ್ಕಂಡೋಗೋದು ಸತ್ ಮ್ಯಾಲೆ. ಸುಮ್ಕಿರ್ಲಾ," ಎಂದರು ಗಿರಿಜಾಂಬ. ಆಮೇಲೆ ಸೊಸೆಯ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಎರಡು ತಿಂಗ್ಳಿತ್ತಲ್ಲ ಮಗಾ. ಮೂವತ್ತೆಂಟು ಅಂದಿದ್ರೆ ದಿನಾ ಒಂದೊಂದು ಸೇರಿಸ್ಕಂಡು ಮೂವತ್ತೆಂಟೂ ಕಲ್ತಿರ್ತಿದ್ದೆ."

ಅತ್ತೆ ಒಲ್ಲೆ ಎಂದಾರು ಎಂದು ಹೇಮಶ್ರೀ ಹೆದರಿದ್ದಳೇ ಹೊರತು, ಕಲಿಯುತ್ತೇನೆ ಎಂದಾರು ಎಂದು ಒಂದು ಸಲವೂ ಅವಳಿಗೆ ಹೊಳೆದಿರಲಿಲ್ಲ.

ಗಿರಿಜಾಂಬ ವಿಭೂತಿ ತೆಗೆದು ಅಲ್ಲೇ ತಿರುವಿನ ಗೋಡೆಗೆ ಮೂರು ಪಟ್ಟೆ ಎಳೆದು ಮೆಟ್ಟಿಲ ಮೇಲೆ ಕೂತರು. "ನೀವು ಹೋಗಿ ಹಾಲುಕ್ಕಿಸಿ. ನಂದು ಇವತ್ತು ಇಲ್ಲೀಗಂಟ."

ಮೇಲೆ ಹಾಲು ಉಕ್ಕಿತು. ಕಿಟಕಿಯಿಂದ ಅದೇ ಬಿಸಿಲು ಒಲೆಕಟ್ಟೆಯ ಮೇಲೆ ಬಿದ್ದಿತ್ತು. ಹೇಮಶ್ರೀ ಅತ್ತ ನೋಡಲಿಲ್ಲ. ಮೊದಲ ಲೋಟ ಹಾಲು ಬಗ್ಗಿಸಿಕೊಂಡು ಕೆಳಗಿಳಿದಳು. ಇಳಿಯುತ್ತಾ ಎಣಿಸಿದಳು. ಅವತ್ತು ನುಂಗಿದ ಒಂದೊಂದೂ ಕಾಲಿಗೆ ಸಿಕ್ಕಿತು.

"ಇಲ್ಲಿಂದ ಮ್ಯಾಕೆ ಎಷ್ಟವೆ?" ಎಂದರು ಗಿರಿಜಾಂಬ, ಲೋಟಕ್ಕೆ ಕೈ ಚಾಚದೆ.

"ಮೂವತ್ತು ಅತ್ತೆ."

"ಈ ಸಲ ಸರ್ಯಾಗಿ ಎಣ್ಸಿದ್ಯಾ ಮಗಾ?"