ತಾಂಡೂರಿನ ಅಳತೆ ಗಾಜು

ಕ್ಷಮಿಸಿಬಿಡು ಎಂದು ನನಗೆ ಬುದ್ಧಿ ಹೇಳಿದವರು ಬಹಳ ಜನ. ನಮ್ಮ ಅವ್ವ ಹೇಳಿದಳು, ಕಾಲೇಜಿನ ಪ್ರಿನ್ಸಿಪಾಲರು ಹೇಳಿದರು, ಝರಾಸಂಗಂ ಗುಡಿಯಲ್ಲಿ ಪಕ್ಕ ಕೂತಿದ್ದ, ಪರಿಚಯವೇ ಇಲ್ಲದ ಮುದುಕಿಯೊಬ್ಬಳೂ ನನ್ನ ಮುಖ ನೋಡಿ ಹೇಳಿದಳು. ನಾನು ಯಾರ ಮಾತೂ ಕೇಳಲಿಲ್ಲ. ಹದಿಮೂರು ವರ್ಷ ಹಲ್ಲು ಕಚ್ಚಿಕೊಂಡು ಕಾದೆ. ಕಾದದ್ದಕ್ಕೆ ಇವತ್ತಿಗೂ ನಾಚಿಕೆಯಿಲ್ಲ.

ನನ್ನ ಹೆಸರು ಭುವನೇಶ್ವರಿ. ಜಹೀರಾಬಾದಿನ ಖಾಸಗಿ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಅದಕ್ಕೂ ಮೊದಲು ನಾನು ಹೈದರಾಬಾದಿನಲ್ಲಿ ಹವಾಮಾನದ ಸಂಶೋಧಕಿಯಾಗಿದ್ದೆ. ಉತ್ತರ ಧ್ರುವದ ಸಮುದ್ರದಲ್ಲಿ ಹಿಮ ಹೆಚ್ಚು ಕರಗಿದ ವರ್ಷ ನಮ್ಮ ಕಡೆ ಮಳೆ ಏನಾಗುತ್ತದೆ ಎಂಬುದು ನನ್ನ ವಿಷಯ. ಮೂರು ವರ್ಷ ಉಪಗ್ರಹದ ಹಿಮದ ಲೆಕ್ಕಗಳ ಮುಂದೆ ಕೂತು ಕಣ್ಣು ಕೆಡಿಸಿಕೊಂಡೆ. ನನ್ನ ಗೈಡು ಪ್ರೊಫೆಸರ್ ಧನರಾಜ. ಕೊಡಂಗಲ್ ಕಡೆಯವರು, ಮಾತು ಸಕ್ಕರೆ. ನಮ್ಮ ಕಡೆಯ ಹುಡುಗಿ ಎಂದು ಹೇಳಿಕೊಂಡೇ ನನ್ನನ್ನು ಸೇರಿಸಿಕೊಂಡಿದ್ದರು.

ಹಿಮದ ಲೆಕ್ಕ ಎಲ್ಲರಿಗೂ ಸಿಗುತ್ತದೆ. ಮಳೆಯ ಲೆಕ್ಕವೇ ಕಷ್ಟ. ಸುತ್ತಮುತ್ತಲಿನ ಹಳೆಯ ರಿಜಿಸ್ಟರುಗಳಲ್ಲಿ ತಿಂಗಳುಗಟ್ಟಲೆ ಖಾಲಿ ಜಾಗ. ಒಂದೇ ಒಂದು ದಿನವೂ ತಪ್ಪದೆ ಬರೆದ ರಿಜಿಸ್ಟರು ಸಿಕ್ಕಿದ್ದು ನಾರಾಯಣಖೇಡದ ಒಂದು ಸರ್ಕಾರಿ ಕಚೇರಿಯಲ್ಲಿ. ಸಹಿ ಗುಮಾಸ್ತರದು. ಆದರೆ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ಮುಚ್ಚಳ ತೆಗೆದು, ಒಳಗಿನ ನೀರನ್ನು ಅಳತೆ ಗಾಜಿಗೆ ಸುರಿದು, ಅಂಕಿ ಓದಿ ಹೇಳುತ್ತಿದ್ದವಳು ಕಚೇರಿಯ ಕಸ ಗುಡಿಸುವ ಶಂಕರಮ್ಮ. ಮಗಳ ಮದುವೆಯ ದಿನವೂ ಅರಿಶಿನದ ಕೈಯಲ್ಲೇ ಬಂದು ಅಳೆದು ಹೋದವಳು.

ಆ ರಿಜಿಸ್ಟರಿನಲ್ಲಿ ಒಂದು ವಿಚಿತ್ರವಿತ್ತು. ೧೯೯೬ರಿಂದ ಹನ್ನೊಂದು ವರ್ಷ ಮಳೆ ಸರಿಯಾಗಿ ಅರ್ಧಕ್ಕೆ ಬಿದ್ದು, ೨೦೦೭ರಲ್ಲಿ ಒಂದೇ ಸಲ ಮೇಲೆದ್ದಿತ್ತು. ಪ್ರೊಫೆಸರರು ಕುಣಿದಾಡಿದ್ದು ನೆನಪಿದೆ. ಹಿಮ ಕರಗಿದ್ದಕ್ಕೂ ಇದಕ್ಕೂ ನಂಟಿದೆ, ಜಗತ್ತೇ ತಿರುಗಿ ನೋಡುತ್ತದೆ ಎಂದರು. ನನಗೆ ಅನುಮಾನ. ಮಳೆ ಕಡಿಮೆಯಾಗುತ್ತದೆ, ಹೆಚ್ಚಾಗುತ್ತದೆ. ಹೀಗೆ ಚಾಕುವಿನಿಂದ ಕೊಯ್ದಂತೆ ಅರ್ಧವಾಗುವುದಿಲ್ಲ. ಬಸ್ಸು ಹತ್ತಿ ನಾರಾಯಣಖೇಡಕ್ಕೆ ಹೋದೆ, ಶಂಕರಮ್ಮನ ಮನೆಯಲ್ಲೇ ನಾಲ್ಕು ದಿನ ಉಳಿದೆ. ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಎಲ್ಲ ಹೇಳಿಬಿಟ್ಟಳು.

೧೯೯೬ರಲ್ಲಿ ಅಳತೆ ಗಾಜು ಅವಳ ಕೈಜಾರಿ ಒಡೆದಿತ್ತು. ಕೆಲಸ ಹೋದೀತೆಂಬ ಹೆದರಿಕೆ. ತಂಗಿಯ ಗಂಡ ತಾಂಡೂರಿನ ಕಚೇರಿಯೊಂದರಲ್ಲಿ ಜವಾನ. ಅಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಮಾಪಕದ ಗಾಜನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಆದರೆ ತಾಂಡೂರಿನ ಮಾಪಕದ ಬಾಯಿಯ ವಿಸ್ತೀರ್ಣ ಇಲ್ಲಿಯದರ ಎರಡು ಪಟ್ಟು, ಅದರ ಗಾಜಿನ ಗೀಟುಗಳೂ ಅದಕ್ಕೆ ತಕ್ಕಂತೆ. ಇಲ್ಲಿಯ ನೀರನ್ನು ಆ ಗಾಜಿಗೆ ಸುರಿದರೆ ಅರ್ಧ ಮಳೆಯೇ ಕಾಣುತ್ತದೆ. ಹನ್ನೊಂದು ವರ್ಷ ಹಾಗೆಯೇ ನಡೆಯಿತು. ೨೦೦೭ರಲ್ಲಿ ಕಚೇರಿಗೆ ಹೊಸ ಗಾಜು ಬಂದಾಗಲೇ ಅವಳಿಗೆ ತನ್ನ ತಪ್ಪು ಗೊತ್ತಾದದ್ದು. ಯಾರಿಗೂ ಹೇಳಬೇಡ ಎಂದು ಕೈ ಹಿಡಿದಳು. ಸಂಗಮೇಶ್ವರನ ಆಣೆ ಮಾಡಿದೆ. ಆ ಆಣೆಯೇ ನನ್ನ ಕುತ್ತಿಗೆಗೆ ಬಂತು.

ನನ್ನ ಪ್ರಬಂಧದ ಇನ್ನೂರ ಹದಿನಾಲ್ಕನೆಯ ಪುಟದಲ್ಲಿ ಬರೆದೆ: ಈ ಹನ್ನೊಂದು ವರ್ಷದ ಅಂಕಿಗಳನ್ನು ಎರಡರಿಂದ ಗುಣಿಸಬೇಕು, ಅಳತೆಯಲ್ಲಿ ದೋಷವಿದೆ. ಹಾಗೆ ತಿದ್ದಿದರೆ ಆ ದೊಡ್ಡ ಕುಸಿತ ಮಾಯ. ಉಳಿಯುವುದು ಸಣ್ಣದಾದರೂ ನಿಜವಾದ ಸಂಗತಿ: ಮಳೆಯ ದಿನಗಳು ಕಡಿಮೆಯಾಗುತ್ತಿವೆ, ಬಂದ ದಿನ ಹುಚ್ಚೆದ್ದು ಬರುತ್ತಿದೆ. ಆಧಾರವೇನು ಎಂದು ಪ್ರೊಫೆಸರರು ಕೇಳಿದರು. ಹೇಳಲಾರೆ, ಒಂದು ಸಲ ನಾರಾಯಣಖೇಡಕ್ಕೆ ಹೋಗಿ ನೋಡಿ ಎಂದೆ. ಅವರು ಹೋಗಲಿಲ್ಲ. ಪುಟದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು, "ಆಧಾರವಿಲ್ಲ, ತೆಗೆಯಿರಿ" ಎಂದು ಬರೆದು, ಸಹಿ ಮಾಡಿ ತಾರೀಕು ಹಾಕಿದರು. ನಾನು ತೆಗೆಯಲಿಲ್ಲ, ಅವರು ಪ್ರಬಂಧವನ್ನು ಮುಂದಕ್ಕೆ ಕಳಿಸಲಿಲ್ಲ.

ಎರಡು ವರ್ಷದ ಮೇಲೆ ನನ್ನ ಕೋಷ್ಟಕಗಳು, ನನ್ನ ನಕಾಶೆಗಳು ಅವರೊಬ್ಬರ ಹೆಸರಿನಲ್ಲಿ ಅಚ್ಚಾದವು. ನಾರಾಯಣಖೇಡದ ಕುಸಿತ ಎಂದು ಅದಕ್ಕೆ ಹೆಸರೂ ಬಂತು. ಕೊನೆಯ ಪುಟದ ಕೃತಜ್ಞತೆಯಲ್ಲಿ ನಾನಿದ್ದೆ: ಬೆರಳಚ್ಚಿನ ನೆರವಿಗೆ. ಬೆರಳಚ್ಚು! ಆಮೇಲೆ ಅವರು ಹಡಗಿನಲ್ಲಿ ಧ್ರುವಕ್ಕೆ ಹೋದರು, ಕೆಂಪು ಜಾಕೀಟು ತೊಟ್ಟು ಹಿಮದ ಮೇಲೆ ನಿಂತ ಫೋಟೋ ಪೇಪರುಗಳಲ್ಲಿ ಬಂತು. ನಾನು ಆ ಫೋಟೋ ಕತ್ತರಿಸಿ ಇಟ್ಟುಕೊಂಡೆ. ಸಿಟ್ಟು ಆರಬಾರದಲ್ಲ.

ಈ ಜುಲೈನಲ್ಲಿ ಸುದ್ದಿ ಬಂತು. ಪ್ರೊಫೆಸರರ ಬದುಕಿನ ಬಗ್ಗೆ ಚಿತ್ರ ತೆಗೆಯುತ್ತಾರೆ, ಅದಕ್ಕಾಗಿ ನಾರಾಯಣಖೇಡದ ಮಾಪಕದ ಮುಂದೆ ಅವರೇ ನಿಂತು ಮಳೆ ಅಳೆಯುತ್ತಾರೆ, ನಿವೃತ್ತಳಾದ ಶಂಕರಮ್ಮನಿಗೆ ಶಾಲು ಹೊದಿಸುತ್ತಾರೆ. ಅವತ್ತೇ ಮಧ್ಯಾಹ್ನ ನಾನು ಅವಳ ಮನೆಗೆ ಹೋದೆ. ಅಪ್ಪಣೆ ಕೇಳಲು ಹೋಗಲಿಲ್ಲ. ಆಣೆ ಮುರಿಯುತ್ತೇನೆ ಎಂದು ತಿಳಿಸಲು ಹೋದೆ. ಇಡೀ ಊರಿನ ಮುಂದೆ ಅವಳ ಮಾನ ಹೋಗುತ್ತದೆಂದು ಗೊತ್ತಿತ್ತು. ಆದರೂ ಹೋದೆ.

ಅವಳು ಕೆಂಪು ಗೀಟಿನ ಕತೆಯನ್ನೂ ಪೂರ್ತಿ ಕೇಳಿಸಿಕೊಂಡಳು. ನಂತರ ಒಂದೇ ಪ್ರಶ್ನೆ ಕೇಳಿದಳು.

"ನಿನಗ ಏನ್ ಬೇಕು ಯವ್ವಾ? ನಿನ್ನ ಹೆಸರು ಬೇಕೋ, ಆತ ಬೀಳಾದು ಬೇಕೋ?"

"ಆತ ಬೀಳಾದೇ ಬೇಕು, ಚಿಗವ್ವಾ."

ಅವಳು ಎದ್ದು ಒಳಗೆ ಹೋದಳು. ಜೋಳದ ಡಬ್ಬಿಯೊಳಗೆ ಕೈ ಹಾಕಿ ಬಟ್ಟೆಯಲ್ಲಿ ಸುತ್ತಿದ ತಾಂಡೂರಿನ ಗಾಜನ್ನು ತೆಗೆದಳು. ಹದಿನೇಳು ವರ್ಷ ಅದನ್ನು ಎಸೆಯಲೂ ಧೈರ್ಯ ಸಾಲದೆ ಇಟ್ಟುಕೊಂಡಿದ್ದಳು.

"ನೀ ದೇವರ ಆಣಿ ಮುರೀಬ್ಯಾಡ. ನಾನೇ ಹೇಳ್ತೀನಿ," ಎಂದಳು. "ಸುಳ್ಳು ಮಳಿಗಿ ಶಾಲು ಹೊದ್ಕೊಳ್ಳಾಕ ನನ್ನಿಂದ ಆಗಲ್ಲ."

ಚಿತ್ರ ತೆಗೆಯುವ ದಿನ ಬೆಳಗಿನ ಜಾವದವರೆಗೂ ಮಳೆ ಸುರಿದಿತ್ತು. ಎಂಟೂವರೆಗೆ ಕಚೇರಿಯ ಅಂಗಳದಲ್ಲಿ ಕ್ಯಾಮೆರಾ, ಕುರ್ಚಿಗಳು, ಅಧಿಕಾರಿಗಳು, ಹೈದರಾಬಾದಿನಿಂದ ಬಂದ ಇಬ್ಬರು ವಿಜ್ಞಾನಿಗಳು. ನಾನು ಚೀಲ ಹಿಡಿದು ಹಿಂದೆ ನಿಂತೆ. ಪ್ರೊಫೆಸರರು ನನ್ನನ್ನು ನೋಡಿದರು, ಗುರುತು ಹಿಡಿದರು, ನಕ್ಕು ಕೈ ಮುಗಿದರು. ಮಾಪಕದ ನೀರನ್ನು ಗಾಜಿಗೆ ಸುರಿದು ಹದಿನಾರು ಮಿಲಿಮೀಟರ್ ಎಂದು ಕ್ಯಾಮೆರಾಕ್ಕೆ ಓದಿದರು. ಹನ್ನೊಂದು ವರ್ಷ ಈ ನೆಲದ ಮಳೆ ಅರ್ಧವಾಗಿದ್ದಕ್ಕೆ ಈ ತಾಯಿಯೇ ಸಾಕ್ಷಿ ಎಂದು ಶಾಲು ಕೈಗೆತ್ತಿಕೊಂಡರು.

ಶಂಕರಮ್ಮ ಶಾಲಿಗೆ ಹೆಗಲು ಕೊಡಲಿಲ್ಲ. ಬಟ್ಟೆ ಬಿಚ್ಚಿ ಆ ಇನ್ನೊಂದು ಗಾಜನ್ನು ಅವರ ಮುಂದೆ ಹಿಡಿದಳು.

"ಅದೇ ನೀರು ಇದರಾಗ ಹಾಕ್ರಿ ಸಾಹೇಬ್ರ."

ಏನೋ ಊರಿನ ಪದ್ಧತಿ ಎಂದುಕೊಂಡರೋ ಏನೋ, ನಗುತ್ತಲೇ ಸುರಿದರು. ನೀರು ಎಂಟರ ಗೀಟಿಗೆ ಬಂದು ನಿಂತಿತು. ಕ್ಯಾಮೆರಾದವನು ಹತ್ತಿರ ಬಂದು ಗೀಟನ್ನೇ ತೋರಿಸಿದ. ಅವರ ನಗು ಮುಖದ ಮೇಲೆಯೇ ಒಣಗುವುದನ್ನು ನಾನು ಕಣ್ತುಂಬ ನೋಡಿದೆ. ಹದಿಮೂರು ವರ್ಷದಲ್ಲಿ ಅಷ್ಟು ಸುಖ ನನಗೆ ಯಾವತ್ತೂ ಆಗಿರಲಿಲ್ಲ.

ಒಡೆದ ಗಾಜಿನ ಕತೆಯನ್ನು ಶಂಕರಮ್ಮ ತಲೆ ತಗ್ಗಿಸದೆ ಹೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ವಿಜ್ಞಾನಿಗಳು ಮುಖ ಮುಖ ನೋಡಿಕೊಂಡರು. ಪ್ರೊಫೆಸರರು ಬೇಗ ಸಾವರಿಸಿಕೊಂಡು, ಕಸ ಗುಡಿಸುವವಳೊಬ್ಬಳು ಮಾಡಿದ ತಪ್ಪಿಗೆ ವಿಜ್ಞಾನ ಏನು ಮಾಡಲಿಕ್ಕಾಗುತ್ತದೆ, ತಾವೂ ಮೋಸಹೋದವರೇ ಎಂದರು. ಅವಳ ಮಾನ ಅವರ ಕಾಲಡಿಗೆ ಬೀಳುವುದರಲ್ಲಿತ್ತು. ಅದಕ್ಕೆ ದಾರಿ ಮಾಡಿಕೊಟ್ಟವಳು ನಾನೇ. ಶಂಕರಮ್ಮ ಮಾತ್ರ ಕದಲಲಿಲ್ಲ.

"ತಪ್ಪು ನಂದೇ ರಿ. ಈ ಹುಡುಗಿ ಅದನ್ನ ತಿದ್ದಿ ನಿಮ್ಮ ಕೈಯಾಗ ಕೊಟ್ಟಿದ್ದಳಲ್ಲ, ಅದರ ಮ್ಯಾಲ ಗೀಟು ಹೊಡದಾವ್ರು ಯಾರು?"

ನಾನು ಚೀಲದಿಂದ ಆ ಇನ್ನೂರ ಹದಿನಾಲ್ಕನೆಯ ಪುಟ ತೆಗೆದೆ. ಮೊದಲು ವಿಜ್ಞಾನಿಗಳಿಗೆ ಕೊಟ್ಟೆ. ಅವರಲ್ಲಿ ಹಿರಿಯರು ನನ್ನ ತಿದ್ದುಪಡಿಯನ್ನೂ, ಕೆಂಪು ಬರಹವನ್ನೂ, ಸಹಿಯನ್ನೂ, ತಾರೀಕನ್ನೂ ಗಟ್ಟಿಯಾಗಿ ಓದಿದರು. ಮತ್ತೊಮ್ಮೆ ತಾರೀಕು ಓದಿ, ನಿಮ್ಮ ಲೇಖನ ಬಂದದ್ದು ಇದಾದ ಎರಡು ವರ್ಷಕ್ಕಲ್ಲವೇ ಎಂದು ಕೇಳಿದರು. ಪ್ರೊಫೆಸರರು ಶಾಲನ್ನು ಮಡಚತೊಡಗಿದರು. ಉತ್ತರ ಧ್ರುವದ ಹಿಮ ಕರಗುತ್ತಿರುವುದು ಸುಳ್ಳಲ್ಲ, ಸುಳ್ಳಾದದ್ದು ನಾರಾಯಣಖೇಡದ ಬರ ಮಾತ್ರ ಎಂದು ನಾನು ಕ್ಯಾಮೆರಾಕ್ಕೆ ಹೇಳಿದೆ. ನಾಳೆ ಯಾರೂ ಇದನ್ನು ತಿರುಚಿ ಹೇಳಬಾರದಲ್ಲ.

ಪ್ರೊಫೆಸರರು ನನ್ನ ಹತ್ತಿರ ಬಂದು, ನನಗೊಬ್ಬಳಿಗೇ ಕೇಳುವಂತೆ ನಮ್ಮ ಮಾತಿನಲ್ಲಿ ಕೇಳಿದರು.

"ಸಾಕಲ್ಲವ್ವಾ? ಇನ್ನ ಏನ್ ಮಾಡ್ಲಿ ನಾ?"

ಕೆಂಪು ಶಾಯಿಯ ಪೆನ್ನನ್ನು ಜಹೀರಾಬಾದಿನಿಂದಲೇ ತಂದಿದ್ದೆ. ಮುಚ್ಚಳ ತೆಗೆದು ಕೊಟ್ಟೆ.

"ಆ ಗೀಟಿನ ಕೆಳಗ ಬರೀರಿ ಸರ್. ಆಧಾರ ಅದ ಅಂತ. ಸಹಿ ಮಾಡಿ ತಾರೀಕು ಹಾಕ್ರಿ."

ಕುರ್ಚಿಯ ತೋಳಿನ ಮೇಲೆ ಪುಟ ಇಟ್ಟು, ಎಲ್ಲರೂ ನೋಡುತ್ತಿದ್ದಂತೆ ಬಗ್ಗಿ ಬರೆದರು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಪುಟವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಓದಲು ಬರುವಂತಿಲ್ಲ, ಇನ್ನೊಮ್ಮೆ ಬರೆಯಿರಿ ಎಂದು ವಾಪಸು ಕೊಟ್ಟೆ.