ಗಡಸು ನೀರಿನ ನಕ್ಷೆ

"ಮಿಸ್, ಕೆಂಪು ಚುಕ್ಕೆಗಳೆಲ್ಲ ಒಂದೇ ಸಾಲಲ್ಲಿ ನಿಂತ್ಬಿಟ್ಟಿವೆ ನೋಡಿ!"

ತರಗತಿಯ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಲ್ಲಿ ಊರಿಗೆ ಊರೇ ಹರಡಿಕೊಂಡಿತ್ತು. ಮಕ್ಕಳು ತಮ್ಮ ಮನೆಯ ನೀರನ್ನು ಬಾಟಲಿಗೆ ತುಂಬಿ, ಸಾಬೂನು ಹಾಕಿ ಕುಲುಕಿ, ನೊರೆ ಬಂದರೆ ನೀಲಿ ಚುಕ್ಕೆ, ನೀರು ಗಡಸಾಗಿ ನೊರೆ ಬಾರದಿದ್ದರೆ ಕೆಂಪು ಚುಕ್ಕೆಯನ್ನು ಫೋನಿನಿಂದಲೇ ನಕ್ಷೆಯ ಮೇಲೆ ಇಟ್ಟಿದ್ದರು. ಚುಕ್ಕೆ ಒತ್ತಿದರೆ ಬಾಟಲಿ ಹಿಡಿದು ನಿಂತ ಮಗುವಿನ ಫೋಟೋ, ಹೆಸರು. ಕೆಂಪು ಸಾಲು ಗುಡ್ಡದ ಬುಡದಿಂದ ಇಳಿದು ಹಳೇ ಗಿರಣಿಯತ್ತ ಸಾಗಿತ್ತು. ನೆಲದಡಿಯ ಸುಣ್ಣಕಲ್ಲು ಎಲ್ಲಿ ಮಲಗಿದೆಯೆಂದು ಯಾರೂ ಗುದ್ದಲಿ ಮುಟ್ಟದೆಯೇ ಕಾಣುತ್ತಿತ್ತು. ವಿಜ್ಞಾನದ ಮೇಡಂಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಗಿರಣಿಯ ಹಿಂದಿನ ಓಣಿ ಮಾತ್ರ ಖಾಲಿ. ಆ ಓಣಿಯಿಂದ ಬರುವವಳು ಒಬ್ಬಳೇ, ಎಲ್ಲರೂ ಗುಬ್ಬಿ ಎಂದು ಕರೆಯುವ, ದನಿಯೇ ಏಳದ ಹುಡುಗಿ.

"ನಿಂದೆಲ್ಲಮ್ಮಾ?"

"ಸಾಬೂನು ಖಾಲಿಯಾಗಿತ್ತು ಮಿಸ್."

"ಮೊನ್ನೆ ಬಾಟಲಿ ಒಡೀತು ಅಂದಿದ್ದೆ!" ಎಂದು ಹಿಂದಿನ ಬೆಂಚು ನಕ್ಕಿತು. ಮೇಡಂ ಕೂಡ ನಕ್ಕರು. ಸೋಮಾರಿತನವೋ ಸಂಕೋಚವೋ, ಎರಡಕ್ಕೂ ತಮ್ಮಲ್ಲಿ ಮದ್ದಿದೆ ಅಂದುಕೊಂಡರು. ಮರುದಿನ ತಾವೇ ಪಕ್ಕದಲ್ಲಿ ನಿಂತು ಬಾಟಲಿ ಕುಲುಕಿಸಿದರು, ತಾವೇ ಫೋಟೋ ತೆಗೆದರು. ಚುಕ್ಕೆ ಇಡುವಾಗ ಗುಬ್ಬಿಯ ಬೆರಳು ಪರದೆಯ ಮೇಲೆ ತಡವರಿಸಿತು. "ಇನ್ನೂ ಸ್ವಲ್ಪ ಎಡಕ್ಕೆ ಅಲ್ವಾ ನಿಮ್ಮನೆ?" ಎಂದು, ಅವಳ ಅಮ್ಮನ ಹತ್ತಿರ ರವಿಕೆ ಹೊಲಿಸಿದ್ದ ಮೇಡಂ ಆ ಬೆರಳನ್ನೇ ಹಿಡಿದು ಸರಿಯಾದ ಜಾಗಕ್ಕೆ ಸರಿಸಿದರು. ಹೆಡ್‌ಮಾಸ್ಟರು ಹೆಮ್ಮೆಯಿಂದ ನಕ್ಷೆಯನ್ನು ಊರೆಲ್ಲ ನೋಡಲೆಂದು ಶಾಲೆಯ ಜಾಲತಾಣದ ಪುಟಕ್ಕೆ ಹಾಕಿದರು.

ವಾರ ಕಳೆದಿರಬೇಕು. ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಡಬ್ಬಿ ಬಿಚ್ಚಿಕೊಂಡು, ಯಾರು ಏನು ಬರೆದಿದ್ದಾರೆ ಎಂದು ಮೇಡಂ ನಕ್ಷೆ ತೆರೆದರು. ಶಭಾಷ್, ಒಳ್ಳೇ ಕೆಲಸ ಎಂಬ ಹೊಗಳಿಕೆಗಳ ನಡುವೆ ಗುಬ್ಬಿಯ ಫೋಟೋದ ಕೆಳಗೆ ಹೆಸರಿಲ್ಲದ ಯಾರೋ ಬರೆದಿದ್ದರು: "ಎಷ್ಟುದ್ದ ಆಗಿದ್ದೀಯ ಬಂಗಾರಿ. ಅಮ್ಮಂಗೆ ಹೇಳು, ನೀರು ಕುಡಿಯೋಕೆ ಬರ್ತೀನಿ ಅಂತ."

ಯಾರೋ ಸೋದರಮಾವ ಇರಬೇಕೆಂದು ಮೇಡಂ ಹುಡುಗಿಯನ್ನು ಕರೆಸಿ ತೋರಿಸಿದರು. "ನೋಡು, ನಿನ್ನ ಫೋಟೋಗೆ ಯಾರು ಬರೆದಿದ್ದಾರೆ!"

ಗುಬ್ಬಿ ಓದಿದಳು. ಮೇಜಿನ ಅಂಚು ಹಿಡಿದುಕೊಂಡು, "ಅಪ್ಪ" ಅಂದಳು. ಆಮೇಲೆ ಒಂದೇ ಉಸಿರಿಗೆ, "ಮನೆ ಎಲ್ಲಿದೆ ಅಂತ ಯಾರಿಗೂ ಹೇಳ್ಬೇಡ ಅಂದಿದ್ಲು ಅಮ್ಮ. ಹೇಳಿದ್ರೆ ಅವ್ರು ಈ ಸಲ ಬಿಡಲ್ಲ ಅಂದಿದ್ಲು."

ಮೇಡಂ ನಕ್ಷೆಯನ್ನೇ ಅಳಿಸಿಹಾಕಿದರು. ಅಳಿಸಿದ್ದು ತಮ್ಮ ಫೋನಿನಿಂದ, ಅವನ ತಲೆಯಿಂದಲ್ಲ ಎಂಬುದು ಹೊಳೆದಕೂಡಲೇ ಡಬ್ಬಿಯನ್ನು ಹಾಗೇ ಬಿಟ್ಟು ಎದ್ದರು. ಹುಡುಗಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಅಂಗಡಿ ಮುಂದೆ ನಿಂತ ಗಂಡಸರೆಲ್ಲ ಫೋನು ನೋಡುತ್ತಿರುವಂತೆ ಕಂಡರು. ಬೆನ್ನಿಗೆ ಒತ್ತಿಕೊಂಡ ಪುಟ್ಟ ಎದೆಯ ಬಡಿತ ಸೀರೆಯ ಮೂಲಕ ತಟ್ಟುತ್ತಿತ್ತು.

ಓಣಿಯ ಕೊನೆಯ ಮನೆಯಲ್ಲಿ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಮೇಡಂ ಸರಿಯಾಗಿ ಉಸಿರಾಡಿದ್ದು. ಟೈಲರಮ್ಮ ಬಾಗಿಲು ತೆರೆದು, ಮಗಳ ಮುಖ ನೋಡಿಯೇ ಅರ್ಧ ತಿಳಿದುಕೊಂಡಳು. ಮೇಡಂ ತೊದಲುತ್ತ ಉಳಿದರ್ಧ ಹೇಳಿದರು.

"ಯಾವಾಗ ಬರೆದಿದ್ದು?"

"ನಿನ್ನೆ ಸಂಜೆ."

"ಹಾಗಾದ್ರೆ ಊರಿಗೆ ಬಂದಾಗಿರತ್ತೆ." ಅವಳು ಬೈಯಲಿಲ್ಲ. ಮಂಚದಡಿಯಿಂದ ಒಂದು ಚೀಲ ಎಳೆದಳು. ಅದು ತುಂಬಿಯೇ ಇತ್ತು.

"ತಪ್ಪಾಯ್ತಮ್ಮಾ. ನಮ್ಮನೆಗೆ ಬನ್ನಿ, ಯಾರೂ ಏನೂ ಮಾಡೋಕಾಗಲ್ಲ."

"ನಿಮ್ಮನೆ ಚುಕ್ಕೆನೂ ಅದ್ರಲ್ಲಿ ಇರ್ಲಿಲ್ವಾ ಮೇಡಂ?"

ಮಕ್ಕಳಿಗೆ ತೋರಿಸಿಕೊಡಲೆಂದು ಮೊಟ್ಟಮೊದಲ ಚುಕ್ಕೆ ಇಟ್ಟವರೇ ಮೇಡಂ. ಕೊನೆಗೆ ಊರಾಚೆಯ ಬಡಾವಣೆಯಲ್ಲಿದ್ದ ತಮ್ಮ ಅಕ್ಕನಿಗೆ ಫೋನು ಮಾಡಿದರು. ಅಕ್ಕ ಏನೂ ಕೇಳದೆ "ಕಳಿಸೇ" ಅಂದಳು. ಪೊಲೀಸರಿಗೂ ಮಾಡಿದರು. ಜೀಪು ಹೊರಗೆ ಹೋಗಿದೆ, ಬಂದಕೂಡಲೇ ಕಳಿಸುತ್ತೇವೆ ಎಂದಿತು ಆ ಕಡೆಯ ದನಿ.

"ಹಿಂದಿನ ಬಾಗಿಲಿಂದ ಹೋಗಿ ಆಟೋ ಹಿಡೀರಿ. ನಾನು ಬೀಗ ಹಾಕ್ಕೊಂಡು ಬರ್ತೀನಿ" ಎಂದು ಮೇಡಂ ಅಕ್ಕನ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟರು.

ತಾಯಿ ಮಗಳು ಹಿತ್ತಲು ದಾಟಿದರು. ಮೇಡಂ ಬೀಗ ಹುಡುಕುತ್ತಿರುವಾಗ ಮುಂಬಾಗಿಲ ಮೇಲೆ ಬೆರಳುಗಳು ಮೆಲ್ಲಗೆ ಬಡಿದವು.

"ನಾನು ಕಣೇ. ಬಾಗಿಲು ತೆಗಿ. ಸಿಟ್ಟಿಲ್ಲ ನಂಗೆ."

ದನಿಯಲ್ಲಿ ಜೇನು ಸುರಿಯುತ್ತಿತ್ತು. ಒಳಗೆ ಸದ್ದಿಲ್ಲದಿದ್ದರೆ ಅವನು ಹಿತ್ತಲಿಗೆ ಸುತ್ತಿ ಬರುತ್ತಾನೆ, ತಾಯಿ ಮಗಳಿಗೆ ಆಟೋ ಸಿಕ್ಕಿದೆಯೋ ಇಲ್ಲವೋ. ಬಾಗಿಲಿಗೆ ಒಂದೇ ಚಿಲಕ. ಮೇಡಂ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತು ಕಾಲು ತುಳಿದರು. ಯಂತ್ರ ಗಡಗಡ ಎಂದಿತು.

"ಹಾಂ, ಇದ್ದೀಯ. ಹೊಲಿ, ಹೊಲಿ. ಮುಗಿಸ್ಕೊಂಡೇ ತೆಗಿ. ನಾನೆಲ್ಲಿ ಹೋಗ್ತೀನಿ?" ಅವನು ಮೆಟ್ಟಿಲ ಮೇಲೆ ಕೂತ ಸದ್ದು ಕೇಳಿತು. ಬೆಂಕಿಕಡ್ಡಿ ಗೀರಿದ ಸದ್ದು, ಬೀಡಿಯ ವಾಸನೆ. ಅರ್ಧ ಗಂಟೆಯ ಮೇಲೆ, "ಎಷ್ಟು ಹೊಲೀತೀಯೇ?" ಈಗ ದನಿಯಲ್ಲಿ ಜೇನಿರಲಿಲ್ಲ. ಬಾಗಿಲಿಗೆ ಭುಜ ತಾಗಿತು. ಚಿಲಕದ ಮೊಳೆ ಕದಲಿತು. ಮೇಡಂ ತುಳಿಯುತ್ತಲೇ ಇದ್ದರು.

ಮಡಿಲಲ್ಲಿದ್ದ ಫೋನು ಬೆಳಗಿತು. ಅಕ್ಕ ಬರೆದಿದ್ದಳು: "ಇಬ್ರೂ ಬಂದ್ರು. ಮಗು ಊಟಕ್ಕೆ ಕೂತಿದೆ. ನೀನೆಲ್ಲಿ?"

ಓಣಿಯ ಬಾಯಲ್ಲಿ ಜೀಪು ನಿಂತ ಸದ್ದಾಯಿತು. ಹೊರಗೆ ಯಾರೋ ಗದರಿದರು, ಯಾರೋ ಓಡಿದರು, ಮತ್ತೆ ಯಾರೋ ಹಿಡಿದರು. "ಒಳಗಿರೋರು ಬಾಗಿಲು ತೆಗೀರಮ್ಮಾ, ಪೊಲೀಸು" ಎಂದು ಹೆಂಗಸಿನ ದನಿಯೊಂದು ಕರೆಯಿತು, ಮತ್ತೊಮ್ಮೆ ಕರೆಯಿತು.

ಸೂಜಿಯಡಿ ಸಿಕ್ಕಿದ್ದ ಯಾರದೋ ರವಿಕೆಯ ತೋಳು ಎಂದೋ ಮುಗಿದು ಕೆಳಗೆ ಬಿದ್ದಿತ್ತು. ಬಟ್ಟೆಯಿಲ್ಲದ ಸೂಜಿ ಮೇಲೆ ಕೆಳಗೆ ಆಡುತ್ತಲೇ ಇತ್ತು, ನೂಲು ಗಂಟುಗಂಟಾಗಿ ಸುತ್ತಿಕೊಳ್ಳುತ್ತಿತ್ತು. ಮೇಡಂ ತಮ್ಮ ಕಾಲನ್ನೇ ನೋಡುತ್ತ ಕೂತಿದ್ದರು. ಅದು ನಿಲ್ಲುತ್ತಿರಲಿಲ್ಲ.